ಹಳದಿ ಚೀಟಿ

ಹದಿಮೂರು ಮನೆ ಆ ದಿನ.
ರಸ್ತೆಯಂಚಿನ ಮುಚ್ಚಳ ತೆಗೆದು, ಉದ್ದನೆ ಕೀಲಿ ಇಳಿಸಿ
ಬಲಕ್ಕೆ ಕಾಲು ಸುತ್ತು. ಅಷ್ಟೇ ಕೆಲಸ.
ಆಮೇಲೆ ಬಾಗಿಲಿಗೆ ಚೀಟಿ. ಯಾರೂ ಎದುರಾಗದಿದ್ದರೆ ಪುಣ್ಯ.

ಡೆಟ್ರಾಯ್ಟಿನ ಮಗ್ಗುಲಲ್ಲೇ ನದಿ,
ಅದರ ಮೇಲೆ ಸಮುದ್ರದಂಥ ಸರೋವರಗಳು.
ನೀರಿಗೇನೂ ಬರವಿಲ್ಲ ಇಲ್ಲಿ.

ಸಂಜೆ ಕೀಲಿಯನ್ನು ವ್ಯಾನಿನಲ್ಲೇ ಬಿಟ್ಟು
ಸಮವಸ್ತ್ರದ ಮೇಲೊಂದು ಕೋಟು ಎಳೆದುಕೊಂಡು
ಲಾಂಡ್ರಿಯ ಮಾಳಿಗೆ ಹತ್ತಿದೆ. ಗುರುವಾರ ಅಲ್ಲಿ ಜಾಝ್.
ಡ್ರಮ್ಮಿಗೆ ಕ್ಲಿಯೋಫಸ್, ಇಪ್ಪತ್ತೆಂಟು ವರ್ಷ ಬಸ್ಸು ಓಡಿಸಿದವನು,
ಈಗಲೂ ಸ್ಟಾಪು ಬಂದ ಹಾಗೆ ಮೆಲ್ಲಗೆ ಬ್ರೇಕು ಒತ್ತುತ್ತಾನೆ.
ಅವನಣ್ಣನ ಮಗಳು ವರ್ಲೀನ್
ತನಗಿಂತ ಎತ್ತರದ ಬಾಸನ್ನು
ಕುಡಿದ ಗಂಡನನ್ನು ಆನಿಸಿಕೊಂಡಂತೆ ಹಿಡಿದಿದ್ದಳು.
ಸ್ಯಾಕ್ಸೊಫೋನಿನ ಮುದುಕನ ಹೆಸರು ನಾನು ಕೇಳಿಲ್ಲ.
ಕೆಳಗೆ ಒಗೆಯುವ ಯಂತ್ರಗಳು ತಿರುಗಿ
ನೆಲವೂ ಒಂದು ತಾಳ ಹಿಡಿದಿತ್ತು.

ಆಮೇಲೆ ಬಂದಳು ಓಡೆಲ್ಲಾ ಮೇ ಪೆಟ್ಟಿಗ್ರೂ.
ಆಸ್ಪತ್ರೆಯಲ್ಲಿ ಹಾಸಿಗೆ ಬದಲಿಸುವ ಕೈ.
ಕವಿತೆ ಬರೆದಿಲ್ಲ ಈ ವಾರ, ಎಂದಳು,
ಬರೆದುಕೊಟ್ಟಿದ್ದಾರೆ.
ಕೈಚೀಲದಿಂದ ತೆಗೆದಳು.
ಹಳದಿ.

ಏರಿಸಿ ಇಳಿಸಿ ಓದಲಿಲ್ಲ. ಸುಮ್ಮನೆ ಓದಿದಳು:
ಖಾತೆ ಸಂಖ್ಯೆ. ಬಾಕಿ, ನೂರ ಅರವತ್ತೆರಡು ಡಾಲರು.
ಬಾಸು ಒಂದೇ ಸ್ವರದ ಮೇಲೆ ನಡೆಯತೊಡಗಿತು.
'ಸೇವೆಯನ್ನು ಸ್ಥಗಿತಗೊಳಿಸಲಾಗಿದೆ.'
ಸೇವೆ, ಎಂದಳು ಮತ್ತೆ. ಸೇ–ವೆ.
ಹಿಂದಿನಿಂದ ಯಾರೋ, ಹೇಳು ತಾಯೀ, ಎಂದರು
ಚರ್ಚಿನಲ್ಲಿ ಅನ್ನುವ ಹಾಗೆ.

'ಶ್ರೀ ಓಡೆಲ್ ಪೆಟಿಗ್ರೋ.'
ಯಾರಪ್ಪ ಇವನು? ಹನ್ನೊಂದು ವರ್ಷದಿಂದ ಆ ಮನೆಯಲ್ಲಿದ್ದೇನೆ,
ಒಂದು ದಿನವೂ ಕಣ್ಣಿಗೆ ಬಿದ್ದಿಲ್ಲ.
ಪಾಪ, ಅವನಿಗೆ ನೀರಿಲ್ಲವಂತೆ.

ಕೋಣೆ ನಕ್ಕಿತು. ನಾನೂ ನಕ್ಕೆ,
ಅರೆಕ್ಷಣ ತಡವಾಗಿ.
ಓಡೆಲ್, ಎಂದಳು. ಸ್ಯಾಕ್ಸ್ ಆ ಹೆಸರನ್ನು ಎತ್ತಿಕೊಂಡು
ಎಳೆಯಿತು, ಎಳೆಯಿತು, ಉಸಿರು ಮುಗಿದಮೇಲೂ ಎಳೆಯಿತು.
ಓಡೆಲ್ ಹದಿಮೂರು ಒಣ ಬಚ್ಚಲುಗಳಿಂದ ಎದ್ದು ಬಂದು
ನನ್ನ ಪಕ್ಕದ ಕುರ್ಚಿಯಲ್ಲಿ ಕೂತ.

ಅಕ್ಷರ ಮಾತ್ರ ದುಂಡಗಿದೆ, ಎಂದಳು ಚೀಟಿ ಮಡಚುತ್ತ,
ಯಾರು ತಿದ್ದಿಸಿದರೋ.

ನನ್ನಮ್ಮ. ಅಡುಗೆಮನೆಯ ಮೇಜಿನಲ್ಲಿ,
ಮಾಂಸದಂಗಡಿಯ ಕಂದು ಕಾಗದದ ಮೇಲೆ.

ಕೋಟಿನ ಗುಂಡಿಯನ್ನು ಕತ್ತಿನವರೆಗೂ ಹಾಕಿಕೊಂಡೆ.

ಅದೇ ರಾತ್ರಿ ಆ ಬೀದಿಗೆ ಹೋಗಿ
ಎಡಕ್ಕೆ ಕಾಲು ಸುತ್ತು ತಿರುಗಿಸಿದೆ ಎಂದರೆ
ನಿಮಗೂ ಹಿತ, ನನಗೂ.
ಹೋದದ್ದು ನಿಜ. ವ್ಯಾನು ನಿಲ್ಲಿಸಿದ್ದೂ ನಿಜ.
ಪಕ್ಕದ ಮನೆಯಿಂದ ಅವಳ ಕಿಟಕಿಗೆ
ಹಸಿರು ಪೈಪೊಂದು ಆಗಲೇ ಬೇಲಿ ದಾಟಿತ್ತು,
ನನ್ನ ಮನಸ್ಸು ಬದಲಾಗಲೆಂದು ಕಾಯದೆ.

ಇಂಥ ಪೈಪು ಕಂಡರೆ ವರದಿ ಮಾಡಬೇಕು. ನಿಯಮ.
ಬೆಳಿಗ್ಗೆ ಫಾರಂ ತುಂಬಿದೆ.
ಕಂಡದ್ದು: ಏನೂ ಇಲ್ಲ.
ದುಂಡಗೆ ಬರೆದೆ.