ಉಟ್ಟು ಬಿಟ್ಟ ಮಳೆ

ಪಟಾಕಿಯ ಕೆಂಪು ಕಾಗದ ಇನ್ನೂ ಮೋರಿಯಲ್ಲಿರುವಾಗಲೇ
ಶುರುವಾಗುತ್ತದೆ ನಮ್ಮ ಕಾಲ.
ಊರಿಗೆಲ್ಲ ಅದು ಸ್ವೆಟರು ಹುಡುಕುವ ಹೊತ್ತು,
ಅವರೆಕಾಯಿಗೆ ಸೊಗಡು ಹತ್ತುವ ಹೊತ್ತು.
ಧೋಬಿಘಾಟಿನ ನಮಗೆ
ಬಂಗಾಳ ಕೊಲ್ಲಿ.

ನಾನು ಸಮುದ್ರ ನೋಡಿದವಳಲ್ಲ.
ವೈಯಾಲಿಕಾವಲ್ ಬಿಟ್ಟು ಆಚೆ ಅಂದರೆ
ಒಮ್ಮೆ ಘಾಟಿ, ಎರಡು ಸಲ ಚಿಂತಾಮಣಿ.
ಆದರೂ ಬೆಳಗಿನ ನಾಲ್ಕಕ್ಕೆ, ಉಬ್ಬೆಯ ಒಲೆ ಹಚ್ಚುವ ಮೊದಲು
ಮಗಳ ಹಳೇ ಫೋನಿನಲ್ಲಿ, ಒಡೆದ ಗಾಜಿನ ಕೆಳಗೆ,
ನೀಲಿಯ ಮೇಲೆ ತಿರುಗುವ ಬಿಳಿ ಸುರುಳಿ ಹುಡುಕುತ್ತೇನೆ.

ವಾಯುಭಾರ ಕುಸಿತ ಅನ್ನುತ್ತಾರೆ.
ಗಾಳಿಗೂ ಭಾರವಿದೆಯಂತೆ, ಅದೂ ಕುಸಿಯುತ್ತದಂತೆ.
ಒದ್ದೆ ಕಂಬಳಿ ಹೆಗಲಿಗೇರಿಸಿದವಳಿಗೆ
ಇದನ್ನು ಬಿಡಿಸಿ ಹೇಳಬೇಕಿಲ್ಲ.
ಕುಸಿತ, ತೀವ್ರ ಕುಸಿತ,
ಅದೂ ಮೀರಿದರೆ ಹೆಸರಿಡುತ್ತಾರೆ,
ಯಾವ ಯಾವ ದೇಶವೋ ಸರದಿಯಲ್ಲಿ ಕೊಟ್ಟ ಹೆಸರು.
ನಾದಿನಿಯ ಕೂಸಿಗೆ ನಾಲ್ಕು ತಿಂಗಳಾದರೂ ಹೆಸರಿಲ್ಲ;
ಇದಕ್ಕೆ ಹುಟ್ಟುವ ಮೊದಲೇ ಇದೆ.

ಗಾಂಧಿನಗರದ ಲಾಡ್ಜಿನ ನೂರಾ ನಲವತ್ತು ಹೊದಿಕೆ,
ಆಸ್ಪತ್ರೆಯ ಹಸಿರು ಬಟ್ಟೆ,
ಕಲ್ಯಾಣಮಂಟಪದ ಕುರ್ಚಿ ಗವುಸು, ಅರಿಶಿನದ ಕಲೆ ಸಮೇತ.
ಮ್ಯಾನೇಜರು ಕೇಳುತ್ತಾನೆ:
"ಚಂಡಮಾರುತ ಚೆನ್ನೈಗಲ್ಲವೇನಮ್ಮಾ, ನಿನಗೇನು?"
ನನಗೇನು ಅಂದರೆ, ಸ್ವಾಮಿ,
ನಾಲ್ಕು ದಿನ ಜಡಿ.
ಹಂಡೆಯ ತಳದಂಥ ಆಕಾಶ, ಹಗ್ಗಕ್ಕೆ ಹುಳಿ ವಾಸನೆ,
ಹಿಂಡಿದಷ್ಟೂ ಹಿಂಡಿಸಿಕೊಳ್ಳುವ ಹೊದಿಕೆ.

ಅದಕ್ಕೇ ಮಾಚಿದೇವರಿಗೆ ಬೇಡುತ್ತಿದ್ದೆ:
ಮೇಲಕ್ಕೆ ಹೋಗಲಪ್ಪಾ, ಒಡಿಶಾಕ್ಕೋ ಬರ್ಮಾಕ್ಕೋ,
ಎಲ್ಲಿಗಾದರೂ.
ಗೆರೆ ಬಲಕ್ಕೆ ಬಾಗಿದ ದಿನ
ಬಾಯಿಗೊಂದು ಚೂರು ಬೆಲ್ಲ.

ಪಕ್ಕದ ಕಲ್ಲು ಅಂಜಲೈಯದು.
ಕಡಲೂರಿನ ಹತ್ತಿರದ ಕುಪ್ಪಂನವಳು. ಅಣ್ಣ ಅಲ್ಲೇ,
ಒಂದು ದೋಣಿ, ಅದರಲ್ಲಿ ಅರ್ಧ ಸಾಲದವನದು.
ಏಳು ವರ್ಷ ಒಂದೇ ತೊಟ್ಟಿಯ ನೀರು ಹಂಚಿಕೊಂಡೆವು,
ಒಂದೇ ಸುರುಳಿ ನೋಡಿದೆವು.
ನಾನು ಬೆಲ್ಲ ಕೊಟ್ಟರೆ ತೆಗೆದುಕೊಳ್ಳುತ್ತಿದ್ದಳು,
ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಿದ್ದಳು. ತಿಂದದ್ದು ಕಾಣೆ.

ಹೋದ ವರ್ಷ ಅದು ಬಾಗಲಿಲ್ಲ.
ರಾತ್ರಿ ಹನ್ನೊಂದಕ್ಕೆ ತೀರ ದಾಟಿತು ಅಂದರು.
ದಾಟಿದ ಮೇಲೆ ದುರ್ಬಲಗೊಂಡಿತು ಅಂದರು.
ದುರ್ಬಲಗೊಂಡದ್ದು
ಮರುದಿನ ಮಧ್ಯಾಹ್ನ ನಮ್ಮಲ್ಲಿಗೆ ಬಂತು,
ಸಣ್ಣಗೆ, ಸದ್ದಿಲ್ಲದೆ, ಬಾಡಿಗೆ ಕೇಳಲು ಬಂದವರ ಹಾಗೆ.

ನಾನು ಶಪಿಸುತ್ತ ಹೊದಿಕೆ ಎಳೆಯುತ್ತಿದ್ದೆ.
ಅಂಜಲೈ ಹಗ್ಗಗಳ ನಡುವೆ ನಿಂತೇ ಇದ್ದಳು.
ಫೋನು ಹತ್ತುತ್ತಿರಲಿಲ್ಲ ಅವಳಿಗೆ, ಹಿಂದಿನ ಸಂಜೆಯಿಂದ.
ಅಂಗೈ ಚಾಚಿ ಹನಿ ಹಿಡಿದಳು. ಮೂಸಿದಳು.
"ನಮ್ಮನೆ ಮೇಲಿಂದ ಬಂದಿರೋದು ಅಕ್ಕಾ ಇದು,"
ಅಂದಳು, ತನ್ನ ಕನ್ನಡದಲ್ಲಿ.

ಅವತ್ತು ತಿಳಿಯಿತು ನನಗೆ.
ಈ ಊರಿಗೆ ಹೊಸ ಮಳೆ ಬರುವುದಿಲ್ಲ ಕಾರ್ತಿಕದಲ್ಲಿ.
ಯಾರೋ ಉಟ್ಟು, ಹರಿದು, ಬಿಟ್ಟದ್ದು,
ಮೈಲಿಗೆ ಬಟ್ಟೆಯ ಗಂಟಿನ ಹಾಗೆ
ನಮ್ಮ ಕಲ್ಲಿನ ಮುಂದೆ ಬಂದು ಬೀಳುವುದು.

ಬಟ್ಟೆಗಾದರೆ ಗುರುತಿರುತ್ತದೆ.
ಮೂಲೆಯಲ್ಲಿ ಗೇರುಕಾಯಿಯ ಕಪ್ಪು, ಎರಡು ಚುಕ್ಕೆ ಒಂದು ಗೀಟು;
ಸಾವಿರದಲ್ಲೂ ಹೇಳಬಲ್ಲೆ ಯಾರ ಮನೆಯದೆಂದು.
ನನ್ನ ಅತ್ತೆ ಕಣ್ಣು ಹೋದ ಮೇಲೂ
ಬೆರಳಲ್ಲೇ ಹೇಳುತ್ತಿದ್ದರು.
ಮಳೆಯ ಮೂಲೆ ಎಲ್ಲಿದೆಯೋ, ನನಗೆ ಸಿಕ್ಕಿಲ್ಲ.

ಅಣ್ಣ ಸಿಕ್ಕ, ಮೂರನೇ ದಿನ, ಶಾಲೆಯೊಂದರಲ್ಲಿ.
ದೋಣಿ ಇಲ್ಲ. ಸಾಲದವನ ಅರ್ಧ ಮಾತ್ರ ಉಳಿದಿದೆ.

ಇವತ್ತು ಮತ್ತೆ
ಅಂಡಮಾನಿನ ಕೆಳಗೆ ಏನೋ ಕದಡಿದೆ.
ಹೆಸರಿಲ್ಲ ಇನ್ನೂ. ಎತ್ತ ಎಂದೂ ಹೇಳಿಲ್ಲ.
ಒಲೆ ಹತ್ತಿದೆ, ಉಬ್ಬೆಯ ಹಬೆಗೆ ಗಾಜು ಮಸುಕು.
ಸೆರಗಲ್ಲಿ ಒರೆಸಿ
ಫೋನನ್ನು ಅಂಜಲೈ ಕಡೆ ತಿರುಗಿಸಿ ಇಟ್ಟಿದ್ದೇನೆ.

ಬೇಡಿಕೊಳ್ಳಲು ಬಾಯಿ ತೆರೆದರೆ
ಎಲ್ಲಿಗೆ ಕಳಿಸಲಿ ಎಂದು ತೋಚುತ್ತಿಲ್ಲ.