ಒಂದು ಎಲ್ಲಿ ಬಿತ್ತು

ಮರಿಯಣ್ಣನಪಾಳ್ಯದ ಇನಾಸಪ್ಪ
ಗಡಿಯಾರದ ಕಾರ್ಖಾನೆಯಲ್ಲಿದ್ದ.
ಡ್ರಮ್ಮರ್ ಬೇರೆ, ಕೇಳಬೇಕೆ,
'ಕಾಲ ಹಿಡಿದ ಕೈ' ಅಂತ ಪೋಸ್ಟರಿಗೆ ಬರೆಸಿದ ಬಾರಿನ ಮ್ಯಾನೇಜರು.
ಸುಳ್ಳು.
ಅವನಿದ್ದದ್ದು ಕ್ಯಾಂಟೀನಿನಲ್ಲಿ,
ಬೆಳಗಿನ ಪಾಳಿಗೆ ಎಂಬತ್ತು ಕಿಲೋ ಈರುಳ್ಳಿ.
ಆ ಹಲಗೆಯ ಸದ್ದು ನಾನು ಕೇಳಿದ್ದೇನೆ:
ಚಾಕು ಇಳಿದದ್ದಕ್ಕಿಂತ
ಇಳಿಯದೆ ತಡೆದದ್ದೇ ಹೆಚ್ಚು ಕೇಳಿಸುತ್ತಿತ್ತು.

ಗುರು ಯಾರು ಅಂದರೆ
ಅವೆನ್ಯೂ ರೋಡಿನ ಫುಟ್‌ಪಾತಿನ ಒಂದು ಎಲ್‌ಪಿ,
ನಾಲ್ಕು ರೂಪಾಯಿ, ನಡುವಿನ ಚೀಟಿ ಹರಿದಿತ್ತು.
ಬಾರಿಸಿದವನು ಯಾರು, ಯಾವ ಊರು, ಸತ್ತನೋ ಇದ್ದಾನೋ,
ಇವತ್ತಿಗೂ ಗೊತ್ತಿಲ್ಲ ನಮಗೆ.
ಸೂಜಿ ಒಂದು ಕಡೆ ಹಾರುತ್ತಿತ್ತು.
ಇನಾಸಪ್ಪ ಆ ಹಾರಿಕೆಯನ್ನೂ ಕಲಿತ.
ಎಷ್ಟೋ ವರ್ಷಕ್ಕೆ ಗಾಯವಿಲ್ಲದ ಪ್ಲೇಟು ಸಿಕ್ಕಾಗ
ಪೂರ್ತಿ ಕೇಳಿ,
"ಇದರಲ್ಲಿ ಏನೋ ಕಮ್ಮಿ ಇದೆ" ಅಂದ.

ಅಪ್ಪ ಚೌರಪ್ಪ, ಚರ್ಚಿನ ಗಂಟೆ ಎಳೆಯುವವರು.
"ನಾಲ್ಕರಲ್ಲಿ ಮೂರು ಸಲ ಸುಮ್ಮನಿರೋದಕ್ಕೆ
ಇಷ್ಟೊಂದು ಡೋಲು ಯಾಕೋ?"
ಮಗ ಸುಮ್ಮನಿದ್ದ.
ಅದೂ ತಾಳದಲ್ಲೇ.

ಎಪ್ಪತ್ತೆಂಟು. ರೆಸಿಡೆನ್ಸಿ ರೋಡಿನ ನೆಲಮಾಳಿಗೆ ಬಾರು.
ನಾನು ಬೇಸ್ ಗಿಟಾರು, ಹೊಸಬ, ಸಾಲದ ಆಂಪ್ಲಿಫೈಯರು.
ಫಂಕ್ ಅಂದರೇನು ಅಂತ ಕೇಳಿದ್ದಕ್ಕೆ
ನನ್ನ ಶೂ ಮೇಲೆ ತನ್ನ ಬಲಗಾಲಿಟ್ಟು ಒತ್ತಿದ.
"ಇದು ಒಂದು. ಇದು ಮನೆ.
ಎರಡು ಮೂರು ನಾಲ್ಕು, ಎಲ್ಲಿ ಬೇಕಾದರೂ ತಿರುಗು,
ಸಾಲ ಮಾಡು, ಜಗಳ ಆಡು,
ಊಟದ ಹೊತ್ತಿಗೆ ಮನೆಗೆ ಬಾ."

ಎಂಬತ್ತೊಂದರ ಕೊನೆಯ ರಾತ್ರಿ.
ನನ್ನ ಹೆಂಡತಿ ವಾಣಿವಿಲಾಸ ಆಸ್ಪತ್ರೆಯಲ್ಲಿ, ಎಂಟನೇ ತಿಂಗಳು,
ಬೆಳಗ್ಗೆಯಿಂದ ಸುದ್ದಿಯಿಲ್ಲ.
ಬೆರಳು ತಂತಿಯ ಮೇಲಿತ್ತು, ನಾನು ಅಲ್ಲಿದ್ದೆ.
ಮನೆಗೆ ಬಂದೆ, ನಿಜ,
ಅರ್ಧ ಬೀದಿ ಮುಂಚೆಯೇ ಬಂದು
ಯಾರದೋ ಬಾಗಿಲು ಬಡಿದೆ.
ಮುನ್ನೂರು ಜನ ಕುಣಿಯುತ್ತಿದ್ದರು.
ಹೈ-ಹ್ಯಾಟು ಒಮ್ಮೆ ಬಾಯಿ ತೆರೆದು ಮುಚ್ಚಿತು, ಅಷ್ಟೇ.
ಇನಾಸಪ್ಪ ಇಡೀ ಮನೆಯನ್ನೇ ಎತ್ತಿ
ನಾನು ಬಿದ್ದಲ್ಲಿಗೆ ತಂದಿಟ್ಟಿದ್ದ.
ಒಂದು ಗ್ಲಾಸೂ ಅಲ್ಲಾಡಲಿಲ್ಲ.
ಕೀಬೋರ್ಡಿನ ರೆಜಿನಾಲ್ಡ್ ಮಾತ್ರ ತಲೆಯೆತ್ತಿ ನೋಡಿ
ಸಿಗರೇಟು ಹಚ್ಚಿದ.

ಆಮೇಲೆ ಗಾಂಧಿನಗರದ ಸ್ಟುಡಿಯೋಗಳಿಗೆ ಪೆಟ್ಟಿಗೆ ಬಂತು,
ಬೆವರದ ಪೆಟ್ಟಿಗೆ, ಬಾಟಾ ಕೇಳದ, ಬಿರಿಯಾನಿ ಕೇಳದ ಪೆಟ್ಟಿಗೆ.
ಇನಾಸಪ್ಪ ಅದರ ಮುಂದೆ ಕೂತು ಒಂದು ಗಂಟೆ ಕೇಳಿದ.
"ಪಾಪ, ಇದಕ್ಕೆ ಎಡಗೈ ಇಲ್ಲ."
ಬೈಯಲಿಲ್ಲ. ಮದುವೆಗಳಿಗೆ ಬಾರಿಸಿದ,
ಅಗರಬತ್ತಿ ಜಾಹೀರಾತಿಗೆ ಹನ್ನೊಂದು ಸೆಕೆಂಡು ಬಾರಿಸಿದ,
ಸ್ನೇರನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು
ಹೆಬ್ಬಾಳದ ಕೊನೇ ಬಸ್ಸಿನಲ್ಲಿ ಬಂದ.
ಬಾರು ಇದ್ದಲ್ಲಿ ಈಗ ಕನ್ನಡಕದ ಅಂಗಡಿ.
ನಂದೂ ಅಲ್ಲೇ ಮಾಡಿಸಿದ್ದು.

ಕಳೆದ ಶುಕ್ರವಾರ ಹೋಗಿದ್ದೆ.
ಮಂಡಿ ಬದಲಾಯಿಸಿದ್ದಾರೆ, ಬಲಗಾಲಿನದೇ.
ಸ್ನೇರು ಕಿಟಕಿಯ ಕೆಳಗಿದೆ,
ಮೇಲೆ ಮೊಮ್ಮಗನ ಟಿಫಿನ್ ಡಬ್ಬಿ.
ನಲವತ್ತು ಚಿಲ್ಲರೆ ವರ್ಷ ಗಂಟಲಲ್ಲಿದ್ದದ್ದನ್ನು ಕೇಳಿದೆ:
ಆವತ್ತು ತಪ್ಪಿದ್ದು ನಾನು, ಅಲ್ಲವಾ?
ಹೊರಗೆ ರಿಂಗ್ ರೋಡು ಹಾರ್ನು ಹೊಡೆಯುತ್ತಿತ್ತು.
ಒಳಗೆ ಕುಕ್ಕರು ಮೂರು ಕೂಗಿ
ನಾಲ್ಕನೆಯದನ್ನು ತಡೆಹಿಡಿದಿತ್ತು.
"ಯಾವತ್ತು?" ಅಂದ ಇನಾಸಪ್ಪ,
ಮಂಡಿ ನೀವಿಕೊಳ್ಳುತ್ತಾ.
ಆಮೇಲೆ, ಸ್ವಲ್ಪ ತಡವಾಗಿ,
"ಹುಡುಗಿ ಹೇಗಿದ್ದಾಳೆ?"