ಹನಿ ನಿಲ್ಲುವಲ್ಲಿ

ಖಾಲಿ ಕ್ರೇಟು ಹೊತ್ತು ಬರುವಾಗಲೇ
ಮೊಗಿಲಿ ಘಾಟಿಯಲ್ಲಿ ಏದುಸಿರು ಬಿಟ್ಟು
ಬಿಳಿ ಹೊಗೆ ಕಾರಿತ್ತು ಗಂಗುಲಪ್ಪನ ಲಾರಿ.
ಈಗ ವಡ್ಡಹಳ್ಳಿ ಮಂಡಿಯ ಐನೂರು ಕ್ರೇಟು ಟೊಮೆಟೊ ತುಂಬಿ
ಮುಳಬಾಗಿಲಿನಾಚೆ, ನಮ್ಮ ತಗಡು ಶೆಡ್ಡಿನ ಮುಂದೆ.
ರಾತ್ರಿ ಎಂಟೂವರೆ. ಬೆಳಗಿನ ಹರಾಜು ಚೆನ್ನೈಯಲ್ಲಿ.
"ಹಣ್ಣು ಕಾಯಲ್ಲ ಮೇಸ್ತ್ರಿ," ಅಂದ.
ಎರಡು ಅರ್ಥಕ್ಕೂ ನಿಜವೇ.

ದಸ್ತಗೀರ್ ಮೇಸ್ತ್ರಿ ಹೊಗೆ ಮೂಸಿದರು.
"ಎಣ್ಣೆ ತಡವಾಗಿ ಬೀಳ್ತಿದೆ."

ಪುಲ್ಲಿಯ ಅಂಕಿಗಳನ್ನು ತುಕ್ಕು ಎಂದೋ ತಿಂದಿತ್ತು.
ಉಳಿದಿದ್ದು ಒಂದೇ ಕಚ್ಚು,
ಪಿಸ್ಟನ್ನು ಮೇಲ್ತುದಿ ಮುಟ್ಟುವ ಗುರುತು.
ಒಳಕೋಣೆಯಲ್ಲಿ ಮಹಬೂಬಿ ಚಾಚಿ ಕನಕಾಂಬರ ಕಟ್ಟುತ್ತಿದ್ದಳು;
ಅವಳ ಉಂಡೆಯಿಂದ ದಾರ ಎಳೆದು
ಪುಲ್ಲಿಗೊಂದು ಸುತ್ತು ಸುತ್ತಿ ಸ್ಕೇಲಿಗೆ ಹಿಡಿದೆವು:
ಒಂದೂವರೆ ಮೊಳ. ಏಳುನೂರ ಇಪ್ಪತ್ತು ಮಿಲಿಮೀಟರು.
ಮುನ್ನೂರ ಅರವತ್ತರಿಂದ ಭಾಗಿಸು,
ಡಿಗ್ರಿಗೆ ಎರಡು.
ಹದಿನೆಂಟು ಡಿಗ್ರಿ ಮೊದಲು ಅಂದರೆ ಮೂವತ್ತಾರು.
ಅಲ್ಲಿ ಸೀಮೆಸುಣ್ಣದ ಗೆರೆ.

ಪಂಪಿನ ಒಂದನೇ ತಲೆ ಬಿಚ್ಚಿ
ಕೊಕ್ಕರೆ ಕತ್ತಿನಂಥ ಕೊಳವೆ ಕೂರಿಸಿದೆ.
ಅವರು ಕೆಳಗೆ ಪಾನೆ ಹಾಕಿ ಕ್ರ್ಯಾಂಕು ತಿರುಗಿಸಿದರು,
ಕೂದಲೆಳೆ, ಕೂದಲೆಳೆ;
ನಾನು ಟಾರ್ಚು ಹಿಡಿದು ಡೀಸೆಲ್ ನೋಡುತ್ತಿದ್ದೆ.
ಧಾರೆ ದಾರವಾಯಿತು, ದಾರ ಹನಿಯಾಯಿತು,
ಹನಿ,
ಇನ್ನೊಂದು ಹನಿ,
ನಿಂತಿತು.
ಇಲ್ಲಿ ಹನಿ ನಿಂತ ಜಾಗವೇ
ಅಲ್ಲಿ ಒಳಗೆ ಸುರು.
ನೋಡಿದರೆ ಗೆರೆ ಮುಳ್ಳನ್ನು ದಾಟಿ
ಎಂಟು ಮಿಲಿಮೀಟರು ಹೋಗಿತ್ತು. ನಾಲ್ಕು ಡಿಗ್ರಿ ತಡ.

"ಕೊಡು ನಾಲ್ಕು," ಅಂದು ಕೈ ತೊಳೆಯಲು ಹೋದರು.
ಪಂಪಿನ ಕಪ್ಲಿಂಗು ಸಡಿಲಿಸಿ
ನಾನು ನಾಲ್ಕು ಕೊಟ್ಟೆ.

ಸೆಲ್ಫು ಹೊಡೆದರೆ
ಕಲ್ಲು ಕ್ವಾರಿಯೇ ಬಾನೆಟ್ಟಿನೊಳಗೆ ಕೂತ ಹಾಗೆ
ಟಣ್ ಟಣ್ ಟಣ್.
ಚಾಚಿಯ ಹೂವಿನ ತಟ್ಟೆ ನಡುಗಿತು.
ಗಂಗುಲಪ್ಪ ಸೇದದ ಬೀಡಿ ಎಸೆದ.

ಮೇಸ್ತ್ರಿಗೆ ಬಲಗಿವಿ ಕೇಳುವುದಿಲ್ಲ, ಎಡದ್ದು ಅರ್ಧ.
ಉದ್ದನೆ ಸ್ಕ್ರೂಡ್ರೈವರಿನ ತುದಿ ಬ್ಲಾಕಿಗೆ,
ಹಿಡಿ ಕಿವಿಯ ಹಿಂದಿನ ಮೂಳೆಗೆ;
ಕಣ್ಣು ಮುಚ್ಚಿ ನಿಂತರು, ಮಗುವಿನ ಜ್ವರ ನೋಡುವವರಂತೆ.
ಬೈಯಲಿಲ್ಲ.
"ಎಂಜಿನ್ ಎರಡು ಸುತ್ತಿದ್ರೆ ಪಂಪು ಎಷ್ಟು ಸುತ್ತುತ್ತೆ?"
ಒಂದು.
"ಹಂಗಾದ್ರೆ ನೀನು ಕೊಟ್ಟಿದ್ದೆಷ್ಟು?"
ಎಂಟು, ಅಂದೆ. ಕೇಳಿಸಿರಲಾರದು;
ತುಟಿ ನೋಡಿ ತಲೆಯಾಡಿಸಿದರು.

ಮತ್ತೆ ಬಿಚ್ಚುತ್ತಾ ಅವರದೇ ಮಾತು:
"ಎಣ್ಣೆ ಸೀರಿದ ತಕ್ಷಣ ಹತ್ತಿಕೊಳ್ಳಲ್ಲ ಕಣೋ.
ಮಂಜಾಗ್ಬೇಕು, ಕಾಯ್ಬೇಕು, ಆಮೇಲೆ ಮನಸ್ಸು ಮಾಡ್ಬೇಕು.
ನಮ್ಮ ಬೀಗರ ಥರ.
ಎಂಟಕ್ಕೆ ಊಟ ಅಂದ್ರೆ ಏಳಕ್ಕೇ ಕರೀಬೇಕು.
ಆರಕ್ಕೇ ಕರೆದ್ಯೋ,
ಅಡುಗೆ ಮನೆಗೇ ನುಗ್ತಾರೆ."

ನಾನು ಬೋಲ್ಟು ತಿರುವುತ್ತ ಒಳಗೇ ಎಣಿಸಿದೆ:
ನಿಮಿಷಕ್ಕೆ ಸಾವಿರದೈನೂರು ಸುತ್ತು, ಸೆಕೆಂಡಿಗೆ ಇಪ್ಪತ್ತೈದು;
ಸೆಕೆಂಡನ್ನು ಒಂಬತ್ತು ಸಾವಿರ ಹೋಳು ಮಾಡಿದರೆ
ಒಂದು ಹೋಳು ಒಂದು ಡಿಗ್ರಿ.
ನಾನು ತಪ್ಪಿದ್ದು ಅಂಥ ನಾಲ್ಕು ಹೋಳು.
ಪಿಯುಸಿ ಲೆಕ್ಕದಲ್ಲಿ ಎರಡು ಸಲ ಡುಮ್ಕಿ ಹೊಡೆದಾಗಲೂ
ಇಷ್ಟು ಚಿಕ್ಕ ತಪ್ಪಿಗೆ
ಇಷ್ಟು ದೊಡ್ಡ ಸದ್ದು ಕೇಳಿರಲಿಲ್ಲ.

ಎರಡು ಹಿಂದಕ್ಕೆ. ಮತ್ತೆ ಕೊಕ್ಕರೆ, ಮತ್ತೆ ಟಾರ್ಚು.
ಹನಿ ನಿಂತಾಗ ಗೆರೆ ಮುಳ್ಳಿನ ನೇರಕ್ಕೆ.
ಈ ಸಲ ಎಂಜಿನ್ನು ಗಂಟಲು ಸರಿಮಾಡಿಕೊಂಡು
ಮಾತಿಗೆ ಕೂತಿತು.
ಹನ್ನೊಂದೂ ಮುಕ್ಕಾಲಿಗೆ ಅದರ ಕೆಂಪು ದೀಪಗಳು
ನಂಗಲಿಯ ಕಡೆ ಸಣ್ಣಗಾದವು.

ದಾರವನ್ನು ಮೇಸ್ತ್ರಿ ಪಂಚೆಗೆ ಒರೆಸಿ
ಉಂಡೆಗೇ ಸುತ್ತಿಟ್ಟರು, ದಂಡ ಯಾಕೆ ಅಂತ.

ಮಾರನೆ ದಿನ ಸಂಜೆ ಗಂಗುಲಪ್ಪನ ಫೋನು:
ಘಾಟಿಯನ್ನು ಮೂರನೇ ಗೇರಿನಲ್ಲೇ ಹತ್ತಿತಂತೆ.
ಅದನ್ನು ಮೇಸ್ತ್ರಿಯ ಎಡಗಿವಿಗೆ ನಾನು ಕೂಗಿ ಹೇಳುತ್ತಿರುವಾಗಲೇ
ಬಾಗಿಲಲ್ಲಿ ಯಾರೋ ಹೆಂಗಸು
ಒಂದೂವರೆ ಮೊಳ ಕನಕಾಂಬರ ವಾಪಸು ಹಿಡಿದು ನಿಂತಿದ್ದಳು,
ಡೀಸೆಲ್ ನಾತ ಅಂತ.